ಬಿಳಿ ನೀಲಿ ಪಟ್ಟಿಯ ಚಿನ್ ಆಂಟಿ

ಚಿನ್ ಆಂಟಿಯನ್ನು ಮೊದಲ ಸಲ ನೋಡಿದಾಗ, ಯಾರೋ ಈ ಮುದುಕಿಯನ್ನು ಬಾಗಿಲಿಗೆ ಕಟ್ಟಿಹಾಕಿದ್ದಾರೆ ಎಂದೇ ನಾನು ತಿಳಿದಿದ್ದೆ. ನಾವು ಸಿಂಗಪುರದ ಚೋವಾ ಚು ಕಾಂಗ್‌ನ ಈ ಬ್ಲಾಕಿಗೆ ಶಿಫ್ಟ್ ಆದ ದಿನ. ನನ್ನ ಒಂದು ಕೈಯಲ್ಲಿ ಕುಕ್ಕರು, ಇನ್ನೊಂದು ಕೈಯಲ್ಲಿ ನಾಲ್ಕು ವರ್ಷದ ಮಗಳು ನಿಧಿ. ಲಿಫ್ಟಿನಿಂದ ಇಳಿದು ಕಾರಿಡಾರಿಗೆ ಬಂದರೆ, ಪಕ್ಕದ ಮನೆಯ ಕಬ್ಬಿಣದ ಗೇಟಿನಿಂದ ಹೊರಟ ದಾರಗಳ ಗೊಂಚಲೊಂದು ಅಡ್ಡಕ್ಕೆ ಹಾದು, ಎದುರಿನ ಕಟ್ಟೆಗೆ ಒರಗಿ ಕೂತ ಹೆಂಗಸಿನ ಸೊಂಟಕ್ಕೆ ಬಿಗಿದುಕೊಂಡಿದೆ. ಗಿಡ್ಡ ಮಣೆ, ಹೂವಿನ ಅಂಗಿ, ಕಿವಿಯ ಹಿಂದೆ ಕರಿ ಪಿನ್ನು ಚುಚ್ಚಿ ಕೂರಿಸಿದ ನರೆಗೂದಲು. ಕಾರಿಡಾರು ಪೂರ್ತಿ ಬಂದ್. ಆಕೆ ತಲೆ ಎತ್ತಿ ಕುಕ್ಕರನ್ನು ನೋಡಿದರು, ಮಗುವನ್ನು ನೋಡಿದರು, ಏಳುವ ಲಕ್ಷಣವೇ ಇಲ್ಲ. “ದಾಟ್ಕೊಂಡು ಹೋಗು ಗರ್ಲ್, ನಾನೆದ್ರೆ ಎಲ್ಲಾ ಸಡಿಲ ಆಗುತ್ತೆ” ಎಂದರು. ಮೂವತ್ತು ದಾಟಿದವಳು ನಾನು, ಗರ್ಲ್ ಅನ್ನಿಸಿಕೊಂಡು ದಾರವನ್ನೂ ದಾಟಿದೆ. ಕೊನೆಯವರೆಗೂ ಅವರಿಗೆ ಗರ್ಲ್ ಆಗಿಯೇ ಉಳಿದೆ. ನನ್ನ ನಿಜವಾದ ಹೆಸರು ಅವರಿಗೆ ಗೊತ್ತಿತ್ತೋ ಇಲ್ಲವೋ ದೇವರೇ ಬಲ್ಲ.

ಅವರ ಮಾತನ್ನು ನಾನಿಲ್ಲಿ ನನ್ನ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಅವರು ಆಡುತ್ತಿದ್ದುದು ಅರ್ಧ ಇಂಗ್ಲಿಷು, ಕಾಲು ಮಲಯ್, ಸಿಟ್ಟು ಬಂದಾಗ ಅವರ ಹಕ್ಕಾ ಭಾಷೆ. ಮಾತಿನ ತುದಿಗೆ ಬರುತ್ತಿದ್ದ ‘ಲಾ’ವನ್ನು ಮಾತ್ರ ಬಿಡಲು ನನಗೆ ಮನಸ್ಸಿಲ್ಲ. ಇಲ್ಲಿಯ ಚೀನೀಯರೆಲ್ಲ ಒಂದೇ ಎಂದು ತಿಳಿದಿದ್ದ ನನಗೆ ಅವರು ಮೊದಲ ವಾರದಲ್ಲೇ ಬುದ್ಧಿ ಕಲಿಸಿದರು. ನೀನು ತಮಿಳಿನವಳಾ ಎಂದು ಕೇಳಿದರು. ಅಲ್ಲ, ಉಡುಪಿ ಕಡೆಯವಳು, ಹೊರಗೆ ಕನ್ನಡ, ಮನೆಯಲ್ಲಿ ತುಳು ಎಂದು ವಿವರಿಸಿದೆ. ಅವರಿಗೆ ಬಹಳ ಸಂತೋಷವಾಯಿತು. ತಮ್ಮದೂ ಇದೇ ಕಥೆ, ಎಲ್ಲರೂ ಚೈನೀಸ್ ಅಂದು ಸುಮ್ಮನಾಗುತ್ತಾರೆ, ತಾವು ಹಕ್ಕಾ, ದಕ್ಷಿಣ ಚೀನಾದ ಬೆಟ್ಟದ ಸೀಮೆಯವರು, ಅಲ್ಲಿಯ ಹೆಂಗಸರು ಬೇರೆ ಚೀನೀ ಹೆಂಗಸರ ಹಾಗೆ ಪಾದ ಪುಟ್ಟದಾಗಿರಲೆಂದು ಕಾಲು ಬಿಗಿದು ಕಟ್ಟಿಸಿಕೊಳ್ಳದೆ ಗಂಡಸರ ಸಮಕ್ಕೆ ಗದ್ದೆಯಲ್ಲಿ ದುಡಿದವರು ಎಂದೆಲ್ಲ ಹೇಳಿದರು. ಅವರ ಅಪ್ಪ ಅಮ್ಮ ಹಡಗು ಹತ್ತಿ ಬಂದು ಬುಕಿತ್ ಪಂಜಾಂಗ್ ಕಡೆಯ ಕಲ್ಲಿನ ಕ್ವಾರಿಯಲ್ಲಿ ಕೆಲಸ ಮಾಡಿದವರು. ಅಪ್ಪ ಕಲ್ಲು ಒಡೆದರು, ಅಮ್ಮ ಹೆಗಲ ಮೇಲಿನ ಅಡ್ಡೆಯಲ್ಲಿ ಕಲ್ಲು ಹೊತ್ತರು. ಆಂಟಿ ಹುಟ್ಟಿದ್ದು ಆ ಕ್ವಾರಿಯ ಕೆಳಗಿನ ತಗಡಿನ ಮನೆಯಲ್ಲಿ.

ಗೇಟಿಗೆ ಕಟ್ಟಿಕೊಂಡು ಅವರು ನೇಯುತ್ತಿದ್ದುದು ಎರಡು ಬೆರಳಗಲದ ಒಂದು ಪಟ್ಟಿ. ಹಕ್ಕಾ ಹೆಂಗಸರು ಬಿಸಿಲಿಗೆ ಹಾಕುವ ಅಗಲದ ಬಿದಿರು ಟೋಪಿಗೆ ಸುತ್ತಲೂ ಕರಿ ಬಟ್ಟೆಯ ಜಾಲರಿ ಇರುತ್ತದೆ. ಆ ಟೋಪಿಯನ್ನು ಗದ್ದದ ಕೆಳಗೆ ಕಟ್ಟಿಕೊಳ್ಳಲು ಈ ಪಟ್ಟಿ. ಮಗ್ಗ ಗಿಗ್ಗ ಏನೂ ಬೇಡ, ಒಂದು ತುದಿ ಗೇಟಿಗೆ, ಇನ್ನೊಂದು ಸೊಂಟಕ್ಕೆ, ನಡುವೆ ಬಿದಿರಿನ ಒಂದು ಸೀಳು. ಬಿಳಿಯ ಮೇಲೆ ನೀಲಿ ಚಿತ್ತಾರ, ಸಣ್ಣ ಸಣ್ಣ ಚೌಕ, ಒಂದರೊಳಗೊಂದು. ನನ್ನ ಅಜ್ಜಿಯ ಮನೆ ನೇಕಾರರ ಮನೆ. ಗುಂಡಿಮಗ್ಗದಲ್ಲಿ ಕಾಲು ಇಳಿಬಿಟ್ಟು ಅಜ್ಜಿ ಸೀರೆ ನೇಯುವುದನ್ನು ನೋಡುತ್ತ ಬೆಳೆದವಳು ನಾನು. ಹಾಗಾಗಿ ಭಾನುವಾರ ಮಧ್ಯಾಹ್ನ ಊಟ ಮುಗಿಸಿ ಆಂಟಿಯ ಪಕ್ಕ ಹೋಗಿ ಕೂರುವುದು ನನಗೂ ಚಟವಾಯಿತು. ಒಂದು ದಿನ ತಡೆಯಲಾರದೆ, ಎಷ್ಟು ದಿನ ಅಂತ ಇದೇ ಬಿಳಿ ನೀಲಿ, ಅಂಚಿಗೆ ಒಂದೆರಡು ಎಳೆ ಕೆಂಪು ಹಾಕಬಾರದೇ, ಕಳೆ ಬರುತ್ತದೆ ಎಂದೆ. ಅವರು ನನ್ನ ಕೈಗೆ ಫಟ್ ಎಂದು ಒಂದು ಕೊಟ್ಟರು. ಅಮ್ಮ ಇದನ್ನು ಮಾತ್ರ ಕಲಿಸಿದ್ದು, ಅಮ್ಮನ ಚಿತ್ತಾರಕ್ಕೆ ಕೈ ಹಾಕಲು ನೀನು ಯಾರು ಎಂದರು. ಅಲ್ಲಿಗೆ ಕೆಂಪಿನ ಮಾತು ಮುಗಿಯಿತು.

ಈ ಪಟ್ಟಿಗಳನ್ನು ಅವರು ಕಟ್ಟದ ವಸ್ತುವಿಲ್ಲ. ಛತ್ರಿಗೆ, ಬೀಗದ ಕೈಗೆ, ತರಕಾರಿ ತರುವ ಗಾಡಿಗೆ, ಕನ್ನಡಕಕ್ಕೆ. “ಕಟ್ಟಿ ಇಟ್ರೆ ಎಲ್ಲಿಗೂ ಹೋಗಲ್ಲ ಲಾ” ಎನ್ನುವುದು ಅವರ ಮಾತು. ನಮ್ಮ ಬ್ಲಾಕಿನಲ್ಲಿ ಯಾರ ಮನೆಗೆ ಮದುಮಗಳು ಬರಲಿ, ಮಗು ಹುಟ್ಟಲಿ, ಯಾರಾದರೂ ಹೊಸ ಮನೆ ಮಾಡಲಿ, ಆಂಟಿಯ ಒಂದು ಪಟ್ಟಿ ಹೋಗಲೇಬೇಕು. ಮೇಲಿನ ಮಹಡಿಯ ಮಲಯ್ ಮನೆಯವರು ಅದನ್ನು ಮಗುವಿನ ತೊಟ್ಟಿಲಿಗೆ ಕಟ್ಟಿದ್ದರು. ಎದುರು ಬ್ಲಾಕಿನ ಮದುವೆಯೊಂದರಲ್ಲಿ ಹುಡುಗಿಯ ಕೈಗೇ ಕಟ್ಟಿ ಬಂದರು. ನಿಧಿ ಒಂದನೇ ತರಗತಿಗೆ ಹೊರಟ ಬೆಳಿಗ್ಗೆ, ನಾನು ಅವಳ ಹಣೆಗೆ ಕುಂಕುಮ ಇಡುತ್ತಿರುವಾಗ ಬಂದು, ಅವಳ ಬ್ಯಾಗಿನ ಹಿಡಿಗೆ ಒಂದು ಪಟ್ಟಿ ಬಿಗಿದು, ಗಂಟನ್ನು ಹಲ್ಲಿನಿಂದ ಎಳೆದು ನೋಡಿ ಹೋದರು.

ನೇಯುವುದೊಂದೇ ಅಲ್ಲ, ಅವರ ಅಡುಗೆಯ ಗಲಾಟೆಯೂ ಬ್ಲಾಕಿಗೆಲ್ಲ ಗೊತ್ತಿತ್ತು. ಹಬ್ಬ ಹರಿದಿನಕ್ಕೆ ಚಹಾ ಎಲೆ, ತುಳಸಿಯಂಥ ಒಂದು ಸೊಪ್ಪು, ಎಳ್ಳು, ನೆಲಗಡಲೆ ಎಲ್ಲ ಸೇರಿಸಿ, ಗೀರು ಗೀರಿನ ಮಣ್ಣಿನ ಬೋಗುಣಿಯಲ್ಲಿ ಪೇರಳೆ ಮರದ ದೊಣ್ಣೆಯಿಂದ ಅರೆಯುತ್ತಿದ್ದರು. ಬಿಸಿನೀರು ಹೊಯ್ದರೆ ಹಸಿರು ಕಷಾಯ. ಅನ್ನ, ಹೆಚ್ಚಿದ ಸೊಪ್ಪು, ತೋಫು ಬಡಿಸಿ ಅದರ ಮೇಲೆ ಇದನ್ನು ಸುರಿದು ತಿನ್ನಬೇಕು. ಮೊದಲ ತುತ್ತಿಗೆ ನನಗೆ ಅಜ್ಜಿ ಕುಡಿಸುತ್ತಿದ್ದ ಜ್ವರದ ಕಷಾಯ ನೆನಪಾಗಿ ಮುಖ ಹುಳ್ಳಗಾಯಿತು. ಎದುರಿಗೇ ಕುಳಿತು ನೋಡುತ್ತಿದ್ದವರು, ಇನ್ನೂ ಮೂರು ಸಲ ತಿನ್ನು, ಆಮೇಲೆ ನೀನೇ ಕೇಳಿಕೊಂಡು ಬರುತ್ತೀಯ ಎಂದರು. ಹಾಗೆಯೇ ಆಯಿತು, ಏನು ಮಾಡಲಿ. ನನಗಾಗಿ ಒಣಮೀನು ಹಾಕದ ಒಂದು ಬಟ್ಟಲು ಯಾವಾಗಲೂ ಬೇರೆ ಇರುತ್ತಿತ್ತು.

ಇಷ್ಟು ಗಟ್ಟಿ ಹೆಂಗಸು ಅಮ್ಮನ ಮಾತು ಬಂದರೆ ಮಾತ್ರ ದನಿ ತಗ್ಗಿಸುತ್ತಿದ್ದರು. ಅಮ್ಮ ಕಡಿಮೆ ಮಾತಿನವರು. ಬೈದವರಲ್ಲ, ಹೊಡೆದವರಲ್ಲ, ಎತ್ತಿ ಮುದ್ದಾಡಿದವರೂ ಅಲ್ಲ. ಕ್ವಾರಿಯಿಂದ ಬಂದು ಅಡುಗೆ ಮಾಡಿ, ಬಡಿಸಿ, ಗೋಡೆಗೆ ಮುಖ ಮಾಡಿ ಮಲಗುತ್ತಿದ್ದರಂತೆ. ಮನೆ ತುಂಬ ಗಂಡುಮಕ್ಕಳು, ಹೆಣ್ಣೆಂದರೆ ಇವರೊಬ್ಬರೇ. ಚೀನಾದ ಊರಿನಲ್ಲಿ ಅಜ್ಜಿಯ ಬಳಿ ಬಿಟ್ಟು ಬಂದ ಒಬ್ಬ ಅಕ್ಕ ಇದ್ದಾಳೆಂದು ಮಾತ್ರ ಗೊತ್ತಿತ್ತು. ಅಮ್ಮ ಅವಳ ಬಗ್ಗೆ ಮಾತೇ ಆಡುತ್ತಿರಲಿಲ್ಲ, ಇವರೂ ಕೇಳಲಿಲ್ಲ. ಅಕ್ಕ ಊರಲ್ಲೇ ಬೆಳೆದು, ಮದುವೆಯಾಗಿ, ಮಕ್ಕಳು ಮರಿ ಮಾಡಿಕೊಂಡು ಇದ್ದಿರಬೇಕು ಎಂದುಕೊಂಡಿದ್ದರು. ಕೆಲಸವಿಲ್ಲದ ಮಧ್ಯಾಹ್ನ ಅಮ್ಮ ದಾರವನ್ನು ಮನೆಯ ಕಂಬಕ್ಕೆ ಕಟ್ಟಿ, ಇವರನ್ನು ಕರೆದು ಪಕ್ಕ ಕೂರಿಸಿಕೊಂಡು ಎಳೆ ಎತ್ತುವುದನ್ನು ತೋರಿಸುತ್ತಿದ್ದರಂತೆ.

“ನನಗೆ ಅಮ್ಮನಿಂದ ಸಿಕ್ಕಿದ್ದು ಇದೊಂದೇ ಲಾ ಗರ್ಲ್” ಎಂದು ಒಮ್ಮೆ ಹೇಳಿದರು. “ಅಣ್ಣಂದಿರಿಗೆ ಮನೆ ಸಿಕ್ತು, ಅಪ್ಪನ ಹೆಸರು ಸಿಕ್ತು. ಆದ್ರೆ ಇದನ್ನ ಯಾರಿಗೂ ಕೊಡ್ಲಿಲ್ಲ, ನನಗೆ ಮಾತ್ರ ಕೊಟ್ಳು.”

ಇದನ್ನು ಹೇಳುವಾಗ ಅವರ ಮುಖದಲ್ಲಿದ್ದ ಜಂಬವನ್ನು ನೋಡಬೇಕಿತ್ತು. ಎಪ್ಪತ್ತು ದಾಟಿದ ಹೆಂಗಸು, ಅಮ್ಮ ತನ್ನನ್ನು ಮೆಚ್ಚಿದ್ದಳು ಎನ್ನುವುದಕ್ಕೆ ಆ ಎರಡು ಬೆರಳಗಲದ ಪಟ್ಟಿಯನ್ನು ಸಾಕ್ಷಿ ಮಾಡಿಕೊಂಡು ಬದುಕಿದ್ದರು. ಅಮ್ಮನೇ ನೇಯ್ದ ಒಂದು ಪಟ್ಟಿ, ಬಣ್ಣ ಮಾಸಿ ಬೂದಿಯಂತಾಗಿದ್ದುದನ್ನು, ಬಿಸ್ಕತ್ತಿನ ಡಬ್ಬಿಯಲ್ಲಿ ಇಟ್ಟುಕೊಂಡಿದ್ದರು. ಎಂದಾದರೂ ಅಮ್ಮನ ಊರಿಗೆ ಹೋಗಿ, ಅಲ್ಲಿಯ ಹೆಂಗಸರಿಗೆ ಇದನ್ನೂ ತಾವು ನೇಯ್ದದ್ದನ್ನೂ ಪಕ್ಕ ಪಕ್ಕ ಇಟ್ಟು ತೋರಿಸಬೇಕು, ಇದು ಇಂಥವಳ ಕೈ, ಅವಳ ಮಗಳದ್ದೂ ಅದೇ ಕೈ ಎಂದು ಅವರ ಬಾಯಿಂದ ಕೇಳಬೇಕು ಎನ್ನುವುದು ಅವರ ಒಂದೇ ಆಸೆ.

ಕೋವಿಡ್ ಎಲ್ಲ ಮುಗಿದ ಮೇಲೆ ಆ ಕಾಲ ಬಂತು. ಅವರ ಅಮ್ಮನ ಊರು ಹ್ವೈಝೌ ಸೀಮೆಯ ಒಂದು ಹಳ್ಳಿ. ಅದನ್ನು ಈಗ ರಿಪೇರಿ ಮಾಡಿ, ಹಳೇ ಕಾಲದ ಹಕ್ಕಾ ಹಳ್ಳಿ, ಕೈಕಸುಬು ಎಲ್ಲ ನೋಡಬಹುದು ಎಂದು ಪ್ರವಾಸಿಗಳಿಗೆ ತೆರೆದಿದ್ದಾರೆಂದು ಯಾರೋ ವಿಡಿಯೊ ಕಳಿಸಿದ್ದರು. ಇಲ್ಲಿಂದ ಒಂದು ಗುಂಪು ಹೊರಟಿತ್ತು. ಆಂಟಿಯ ಮಗ ರೇಮಂಡ್ ಸೆಂಬವಾಂಗ್‌ನಲ್ಲಿರುವವನು, ಒಳ್ಳೆಯವನೇ, ವಾರಕ್ಕೊಮ್ಮೆ ತಪ್ಪದೆ ಬರುತ್ತಿದ್ದ. ಅವನಿಗೆ ರಜೆ ಸಿಗಲಿಲ್ಲ. ಮಂಡಿ ನೋವಿನ ಅಮ್ಮನನ್ನು ಒಬ್ಬಳನ್ನೇ ಕಳಿಸಲು ಮನಸ್ಸಿಲ್ಲ. ಆಂಟಿ ನನ್ನ ಅಡುಗೆಮನೆಗೆ ಬಂದು, ನೀನು ಬಾ, ನೇಯುವವರ ಮನೆಯವಳು ನೀನು, ನಿನಗೆ ಅರ್ಥವಾಗುತ್ತದೆ ಎಂದರು. ಚೀನಾದಲ್ಲಿ ನಾನು ತಿನ್ನುವುದು ಏನನ್ನು ಎಂದು ನನ್ನ ಯಜಮಾನರು ನಕ್ಕರು. ಅವಲಕ್ಕಿ, ಉಪ್ಪಿನಕಾಯಿ ಕಟ್ಟಿಕೊಂಡು, ವೀಸಾಕ್ಕೆ ಅಲೆದು, ಹೊರಟೇಬಿಟ್ಟೆ. ಹೊರಡುವ ಮುಂಚಿನ ದಿನಗಳಲ್ಲೆಲ್ಲ ಆಂಟಿ ಗೇಟಿಗೆ ಕಟ್ಟಿಕೊಂಡು ಹೊಸ ಪಟ್ಟಿ ನೇಯ್ದರು. ಅಲ್ಲಿ ಏನು ಹೇಳಬೇಕೆಂದು ಹಕ್ಕಾದಲ್ಲಿ ಗುನುಗಿ ಗುನುಗಿ ಬಾಯಿಪಾಠ ಮಾಡಿದರು.

ಹಳ್ಳಿ ಚೆನ್ನಾಗಿತ್ತು ಎಂದರೆ ಚೆನ್ನಾಗಿತ್ತು. ಮುಂದೆ ಅರ್ಧಚಂದ್ರದ ಆಕಾರದ ಕೆರೆ, ಅದರ ಹಿಂದೆ ಕೋಟೆಯ ಹಾಗೆ ಎತ್ತರದ ಗೋಡೆ, ಗೋಡೆಯೊಳಗೆ ಒಂದಕ್ಕೊಂದು ಅಂಟಿಕೊಂಡ ಸಾಲು ಮನೆಗಳು, ನಡುವೆ ಹಿರಿಯರ ಪೂಜೆಯ ಚಾವಡಿ. ಒಂದು ಕಾಲಕ್ಕೆ ಇಡೀ ಕುಲವೇ ಇದರೊಳಗಿತ್ತಂತೆ. ಈಗ ಒಂದು ಕೋಣೆಯಲ್ಲಿ ಐಸ್‌ಕ್ರೀಮು, ಇನ್ನೊಂದರಲ್ಲಿ ಬಿದಿರು ಟೋಪಿ ಬಾಡಿಗೆಗೆ. ಹುಡುಗಿಯರು ಟೋಪಿ ಹಾಕಿಕೊಂಡು ಬಾವಿಯ ಪಕ್ಕ ನಿಂತು ಫೋಟೊ ತೆಗೆಸಿಕೊಳ್ಳುತ್ತಿದ್ದರು. ಮಾರಾಟಕ್ಕಿಟ್ಟ ಪಟ್ಟಿಗಳೆಲ್ಲ ಮಷೀನಿನವು. ಕೆಂಪು, ಹಸಿರು, ಗುಲಾಬಿ, ಹಳದಿ, ಕಣ್ಣಿಗೆ ಹೊಡೆಯುವ ಬಣ್ಣ. ನಾನು ಒಂದೊಂದನ್ನೂ ತಿರುವಿ ನೋಡಿದೆ, ನಮ್ಮ ಆಂಟಿಯ ಬಿಳಿ ನೀಲಿ ಎಲ್ಲೂ ಇರಲಿಲ್ಲ. ಮಷೀನಿಗೆ ಬರಲಿಕ್ಕಿಲ್ಲ ಬಿಡು ಎಂದು ಆಂಟಿ ಹೆಮ್ಮೆಯಿಂದ ಹೇಳಿದರು.

ಕೊನೆಯ ಕೋಣೆಯಲ್ಲಿ ನಿಜವಾಗಿ ನೇಯುವ ಒಬ್ಬ ಅಜ್ಜಿ ಇದ್ದರು. ಆಂಟಿಗಿಂತ ದೊಡ್ಡವರು, ಹಲ್ಲಿಲ್ಲ. ಕಿಟಕಿಯ ಸರಳಿಗೆ ದಾರ ಕಟ್ಟಿಕೊಂಡು, ಕೊರಳಿಗೊಂದು ಮೈಕು ತಗುಲಿಸಿಕೊಂಡು, ಬಂದವರಿಗೆಲ್ಲ ವಿವರಿಸುತ್ತಿದ್ದರು. ಅವರನ್ನು ನೋಡಿದ್ದೇ ಆಂಟಿ ಮಂಡಿ ನೋವನ್ನೂ ಮರೆತು ಎದುರಿಗೆ ಕೂತುಬಿಟ್ಟರು. ಬಾಯಿಪಾಠದ ಮಾತೆಲ್ಲ ಹೇಳಿ, ಡಬ್ಬಿ ತೆರೆದು, ಎರಡು ಪಟ್ಟಿಯನ್ನೂ ಅಜ್ಜಿಯ ತೊಡೆಯ ಮೇಲೆ ಇಟ್ಟರು. ನನಗೆ ಭಾಷೆ ಬಾರದು. ಮುಖ ಮಾತ್ರ ನೋಡುತ್ತಿದ್ದೆ. ಅಜ್ಜಿ ಪಟ್ಟಿಯನ್ನು ಮುಟ್ಟಲು ಚಾಚಿದ ಕೈಯನ್ನು ಹಿಂದಕ್ಕೆ ತೆಗೆದುಕೊಂಡರು. ಏನೋ ಒಂದು ಚಿಕ್ಕ ಪ್ರಶ್ನೆ ಕೇಳಿದರು. ಆಂಟಿ ನಗುತ್ತ ಇಲ್ಲ ಎನ್ನುವ ಹಾಗೆ ತಲೆಯಾಡಿಸಿದರು. ಅಜ್ಜಿ ಮತ್ತೆ ಅದನ್ನೇ ಕೇಳಿದರು. ಆಮೇಲೆ ಮೈಕು ಆಫ್ ಮಾಡಿ, ಬಾಗಿ, ಆಂಟಿಯ ಕಿವಿಯ ಹತ್ತಿರ ಬಹಳ ಹೊತ್ತು ಮಾತಾಡಿದರು. ಟೋಪಿ ಬಾಡಿಗೆಗೆ ತೆಗೆದುಕೊಂಡು ತಲೆಯ ಮೇಲೆ ಹಾಕಿಕೊಂಡಿದ್ದ ನಾನು, ಏನೂ ತಿಳಿಯದೆ ಪೆದ್ದಿಯ ಹಾಗೆ ನಿಂತಿದ್ದೆ. ಆಂಟಿಯ ನಗು ಇಳಿಯುತ್ತ ಇಳಿಯುತ್ತ ಹೋಗಿ, ಅವರು ಎರಡೂ ಪಟ್ಟಿಯನ್ನು ಎತ್ತಿ ಡಬ್ಬಿಗೆ ಹಾಕಿ ಮುಚ್ಚಿದರು. ಕೆರೆಯ ಕಟ್ಟೆಯ ಮೇಲೆ ಹೋಗಿ ಕೂತರು. ನೀರು ಕೊಟ್ಟರೆ ಕುಡಿಯಲಿಲ್ಲ.

ಬಸ್ಸಿನಲ್ಲಿ ಕೂತ ಮೇಲೆ ಕಿಟಕಿಯ ಕಡೆ ನೋಡಿಕೊಂಡೇ ಎಲ್ಲ ಹೇಳಿದರು. ಅಜ್ಜಿ ಕೇಳಿದ ಪ್ರಶ್ನೆ, ನಿನ್ನ ಮನೆಯಲ್ಲಿ ಯಾವ ಮಗು ತೀರಿಕೊಂಡಿತು ಎಂಬುದು. ಅವರಲ್ಲಿ ದೊಡ್ಡವರು ಸತ್ತರೆ ಚಿಕ್ಕವರು ಸೂತಕ ಹಿಡಿಯಬೇಕು, ಒರಟು ಬಟ್ಟೆ ಹಾಕಬೇಕು, ಅಳಬೇಕು. ಮಗು ಸತ್ತರೆ ತಾಯಿ ತಂದೆ ಸೂತಕ ಹಿಡಿಯುವ ಹಾಗಿಲ್ಲ. ದೊಡ್ಡವರು ಚಿಕ್ಕವರಿಗಾಗಿ ಅಳುವುದು ಸಲ್ಲ, ಮಾರನೆಯ ದಿನ ಗದ್ದೆಗೆ ಹೋಗಬೇಕು. ಆ ಊರಿನ ಹೆಂಗಸರು ಅದಕ್ಕೊಂದು ದಾರಿ ಮಾಡಿಕೊಂಡಿದ್ದರು. ಮಗು ಕಳೆದುಕೊಂಡವಳು ಎಲ್ಲರ ಪಟ್ಟಿಯಲ್ಲೂ ಇರುವ ಕೆಂಪು ತೆಗೆದು ಬರೀ ಬಿಳಿ ನೀಲಿಯಲ್ಲಿ, ಚೌಕದೊಳಗೆ ಚೌಕ ಇಟ್ಟು, ಒಂದು ಪಟ್ಟಿ ನೇಯ್ದು ಟೋಪಿಗೆ ಕಟ್ಟುವಳು. ಜಾಲರಿಯ ಒಳಗಿರುವುದರಿಂದ ಮನೆಯ ಗಂಡಸರಿಗೆ ಕಾಣದು, ಕಂಡರೂ ತಿಳಿಯದು. ಹೆಂಗಸರಿಗೆ ಮಾತ್ರ ತಿಳಿಯುವುದು. ಹರಿಯುವ ತನಕ ಕಟ್ಟಿಕೊಂಡು, ಹರಿದ ಮೇಲೆ ಸುಟ್ಟು, ಮತ್ತೆ ಕೆಂಪಿಗೆ ಬರುವುದು ಪದ್ಧತಿ. ಆಂಟಿಯ ಅಮ್ಮ ಮತ್ತೆ ಕೆಂಪಿಗೆ ಬರಲೇ ಇಲ್ಲ.

“ಅಕ್ಕ ಇರ್ಲಿಲ್ಲ ಗರ್ಲ್. ನಾನು ಹುಟ್ಟೋ ಮೊದ್ಲೇ ಇರ್ಲಿಲ್ಲ ಅನ್ಸುತ್ತೆ” ಎಂದರು. “ಅಮ್ಮ ನನ್ನನ್ನ ಪಕ್ಕ ಕೂರಿಸ್ಕೊಂಡು ಅವಳಿಗೆ ನೇಯ್ತಿದ್ಳು.”

ನಾನು ಅವರ ಕೈ ಹಿಡಿದುಕೊಂಡೆ. ಬೇರೆ ಏನು ಮಾಡಲಿಕ್ಕೆ ಬರುತ್ತದೆ? ಪಾಪದ ಅಮ್ಮ, ಪಾಪದ ಅಕ್ಕ ಎಂದು ಯಾರಿಗಾದರೂ ಅನ್ನಿಸಬೇಕು, ನನಗೂ ಅನ್ನಿಸಿತು. ಆದರೆ ನನ್ನ ಹೊಟ್ಟೆ ಉರಿದದ್ದು ಪಕ್ಕದಲ್ಲಿ ಕೂತ ಈ ಮುದುಕಿಗಾಗಿ. ಎಷ್ಟೋ ವರ್ಷದಿಂದ ಇದ್ದ ಒಂದೇ ಆಸ್ತಿಯನ್ನು ಯಾರದೋ ಊರಿನ ಕೋಣೆಯಲ್ಲಿ, ಹಲ್ಲಿಲ್ಲದ ಬಾಯಿಯ ಒಂದು ಪ್ರಶ್ನೆಗೆ ಕಳೆದುಕೊಂಡು ಬರುತ್ತಿದ್ದರು.

ಸಿಂಗಪುರಕ್ಕೆ ಮರಳಿದ ಮೇಲೆ ಗೇಟಿಗೆ ದಾರ ಕಟ್ಟಲಿಲ್ಲ. ಅದರ ಬದಲು ಇನ್ನೊಂದು ಕೆಲಸ ಹಿಡಿದರು. ತಾವು ಕೊಟ್ಟ ಪಟ್ಟಿಗಳನ್ನೆಲ್ಲ ಮನೆ ಮನೆಗೆ ಹೋಗಿ ವಾಪಸು ಕೇಳತೊಡಗಿದರು. ಯಾಕೆಂದು ಯಾರಿಗೂ ಹೇಳುತ್ತಿರಲಿಲ್ಲ. ಹೇಗೆ ಹೇಳುತ್ತಾರೆ? ನಿಮ್ಮ ಸೊಸೆಯ ಕೈಗೆ, ನಿಮ್ಮ ಮೊಮ್ಮಗುವಿನ ತೊಟ್ಟಿಲಿಗೆ ಕಟ್ಟಿದ್ದು ಸತ್ತ ಮಗುವಿನ ಪಟ್ಟಿ ಎಂದು ಹೇಳಲಿಕ್ಕಾಗುತ್ತದೆಯೇ? ಪ್ರತಿ ಮಹಡಿಗೂ ಹತ್ತಿ, ಗೇಟು ತಟ್ಟಿ, ಅದು ಸರಿಯಾಗಿ ಬಂದಿರಲಿಲ್ಲ, ಬೇರೆ ಕೊಡುತ್ತೇನೆ ಎನ್ನುವರು. ಕೆಲವರು ಎಲ್ಲಿ ಹೋಯಿತೋ ಎಂದರು. ಒಬ್ಬರು ಏರ್‌ಪೋರ್ಟಿನಲ್ಲಿ ಗುರುತು ಸಿಗಲೆಂದು ಸೂಟ್‌ಕೇಸಿಗೆ ಕಟ್ಟಿದ್ದನ್ನು ಬಿಚ್ಚಿಕೊಟ್ಟರು. ಒಬ್ಬರು ಕಿಟಕಿಯ ಪರದೆಯಿಂದ ಬಿಡಿಸಿಕೊಟ್ಟರು. ಮುದುಕಿಗೆ ಅರಳುಮರಳು ಶುರುವಾಯಿತು ಎಂದು ಬ್ಲಾಕಿನ ಕೆಳಗೆ ಖಾಲಿ ಬಿಟ್ಟ ವಾಯ್ಡ್ ಡೆಕ್ಕಿನಲ್ಲಿ ಕೂತವರು ಮಾತಾಡಿಕೊಂಡರು. ನನಗೆ ಅವರ ಬಾಯಿ ಮುಚ್ಚಿಸಬೇಕೆನ್ನಿಸುತ್ತಿತ್ತು, ಆದರೆ ಕಾರಣ ಹೇಳದೆ ಮುಚ್ಚಿಸುವುದು ಹೇಗೆ? ಆಂಟಿಗೆ ಮಾತು ಕೊಟ್ಟಿದ್ದೆ. ಸುಮ್ಮನೆ ಅವರ ಜೊತೆ ಲಿಫ್ಟಿನಲ್ಲಿ ಹತ್ತಿ ಇಳಿದೆ.

ಕೊನೆಗೆ ಉಳಿದದ್ದು ನಮ್ಮ ಮನೆ. ನಿಧಿಗೆ ಆಗ ಇಪ್ಪತ್ತೊಂದೋ ಇಪ್ಪತ್ತೆರಡೋ. ಕಾಲೇಜು ಮುಗಿಸಿ ಹೊಸದಾಗಿ ಕೆಲಸಕ್ಕೆ ಸೇರಿದ್ದಳು. ಒಂದನೇ ತರಗತಿಯ ಆ ಪಟ್ಟಿಯನ್ನು ಬ್ಯಾಗು ಬದಲಾದ ಹಾಗೆಲ್ಲ ಬಿಚ್ಚಿ ಹೊಸ ಬ್ಯಾಗಿಗೆ ಕಟ್ಟಿಕೊಂಡು ಬಂದವಳು. ಪರೀಕ್ಷೆಯ ಹಾಲಿನಲ್ಲಿ ಅದನ್ನು ಬೆರಳಿಗೆ ಸುತ್ತಿಕೊಂಡು ಕೂರುತ್ತಿದ್ದಳಂತೆ. ಆಂಟಿ ಬಂದು ಸೋಫಾದ ಅಂಚಿನಲ್ಲಿ ಕೂತು ಕೇಳಿದಾಗ, ಮಾತು ಮುರಿದು ಅವಳೊಬ್ಬಳಿಗೆ ನಾನು ಎಲ್ಲ ಹೇಳಿಯಾಗಿತ್ತು. ಅವಳು ಬ್ಯಾಗನ್ನು ಎದೆಗೆ ಒತ್ತಿಕೊಂಡಳು.

“ಕೊಡಲ್ಲ ಆಂಟಿ. ನೀವೇ ಕಟ್ಟಿದ್ದು, ಇದು ನಂದು ಲಾ. ನೋಡಿ, ನನಗೆ ಏನೂ ಆಗಿಲ್ಲ.”

ಆಂಟಿಗೆ ಸಿಟ್ಟು ಬರಲಿಲ್ಲ. ಬರುತ್ತದೆಂದು ನಾನು ಕಾದಿದ್ದೆ, ಬಂದಿದ್ದರೆ ಒಳ್ಳೆಯದಿತ್ತು. ಅವಳನ್ನು ನೋಡಿ, “ನಂದು ಅಂತ ನಾನೂ ಅಂದ್ಕೊಂಡಿದ್ದೆ ಮಗು” ಎಂದರು.

ನಿಧಿ ಬ್ಯಾಗನ್ನು ತೊಡೆಯ ಮೇಲಿಟ್ಟುಕೊಂಡಳು. ಗಂಟು ಇಷ್ಟು ವರ್ಷಕ್ಕೆ ಕಲ್ಲಾಗಿತ್ತು. ಉಗುರು ಹಾಕಿ, ಬಾಚಣಿಗೆಯ ತುದಿ ಹಾಕಿ ಬಿಡಿಸಿ ಅವರ ಕೈಯಲ್ಲಿಟ್ಟು ರೂಮಿಗೆ ಹೋಗಿ ಬಾಗಿಲು ಹಾಕಿಕೊಂಡಳು. ಅವಳು ಅಳುವುದು ಹೊರಗೆ ಕೇಳಿಸುತ್ತಿತ್ತು.

ಅದು ಚೀನೀ ಪಂಚಾಂಗದ ಏಳನೇ ತಿಂಗಳು, ಸತ್ತವರು ಮನೆಗೆ ಬಂದು ಹೋಗುವ ತಿಂಗಳು. ನಮ್ಮಲ್ಲಿ ಮಹಾಲಯ ಇದ್ದ ಹಾಗೆ. ಆಗ ಪ್ರತಿ ಬ್ಲಾಕಿನ ಕೆಳಗೂ ಕಬ್ಬಿಣದ ದೊಡ್ಡ ಡ್ರಮ್ಮು ಬಂದು ಕೂರುತ್ತದೆ. ಸಂಜೆಯಾದರೆ ಜನ ಅದರಲ್ಲಿ ಕಾಗದದ ನೋಟು, ಕಾಗದದ ಬಟ್ಟೆ ಸುಡುತ್ತಾರೆ. ಸುಟ್ಟದ್ದು ಸತ್ತವರಿಗೆ ಮುಟ್ಟುತ್ತದೆ ಎಂದು ನಂಬಿಕೆ. ಕೆಲಸದಿಂದ ಬರುವಾಗ ನೋಡುತ್ತೇನೆ, ಆಂಟಿ ಡ್ರಮ್ಮಿನ ಮುಂದೆ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಕೂತು ಪಟ್ಟಿಗಳನ್ನು ಒಂದೊಂದಾಗಿ ಬೆಂಕಿಗೆ ಬಿಡುತ್ತಿದ್ದಾರೆ. ಓಡಿದೆ. ಇಷ್ಟೊಂದು ವರ್ಷದ ಕೆಲಸ, ಎಸೆಯಬೇಡಿ ಆಂಟಿ, ಬೇಕಾದರೆ ನಾನು ಇಟ್ಟುಕೊಳ್ಳುತ್ತೇನೆ ಎಂದು ಅವರ ಕೈ ಹಿಡಿದೆ. ಎಸೆಯುತ್ತಿಲ್ಲ, ಕಳಿಸುತ್ತಿದ್ದೇನೆ ಎಂದರು. ಇವೆಲ್ಲ ಅಕ್ಕನವು, ಅಮ್ಮ ಈ ಚಿತ್ತಾರ ನೇಯ್ದದ್ದು ಅವಳಿಗೆ, ತಾನು ತಿಳಿಯದೆ ಅವಳದ್ದನ್ನು ಊರಿಗೆಲ್ಲ ಹಂಚಿದೆ, ಈಗ ಅವಳಿಗೆ ಮುಟ್ಟಲಿ ಎಂದರು. ಕೊನೆಗೆ ಡಬ್ಬಿ ತೆರೆದು ಅಮ್ಮನ ಕೈಯ ಆ ಬೂದು ಪಟ್ಟಿಯನ್ನೂ ತೆಗೆದರು.

“ಅದೊಂದನ್ನಾದ್ರೂ ನಿಮಗೆ ಇಟ್ಕೊಳ್ಳಿ” ಎಂದೆ.

“ನನ್ನ ಹೆಸರಿಗೆ ಏನೂ ಇರ್ಲಿಲ್ಲ ಲಾ” ಎಂದು ಅದನ್ನೂ ಬಿಟ್ಟರು. ಹಳೆಯ ನೂಲು, ನೋಡುವಷ್ಟರಲ್ಲಿ ಮುಗಿಯಿತು. ಬೂದಿ ಆರಿದ ಮೇಲೆ ನಾನೇ ಅವರನ್ನು ಎಬ್ಬಿಸಿ ಮೇಲೆ ಕರೆದುಕೊಂಡು ಬಂದೆ.

ಅಲ್ಲಿಂದ ಮುಂದೆ ಅವರು ಇಳಿಯುತ್ತ ಹೋದರು. ನಾನು ಸುಮ್ಮನಿರಲಿಲ್ಲ. ಲಿಟಲ್ ಇಂಡಿಯಾಕ್ಕೆ ಹೋಗಿ ಕೆಂಪು, ಹಳದಿ ನೂಲು ತಂದೆ. ಆ ಹಳ್ಳಿಯಲ್ಲಿ ಕೊಂಡ ಕೆಂಪು ಪಟ್ಟಿಯೊಂದನ್ನು ಎದುರಿಗಿಟ್ಟು, ಇದನ್ನು ಬಿಡಿಸಿ ನೋಡೋಣ, ಕೆಂಪಿನ ಚಿತ್ತಾರ ಕಲಿಯೋಣ ಎಂದು ಹಟ ಹಿಡಿದೆ. ನನ್ನ ಮಾತಿಗೆ ಒಂದು ಭಾನುವಾರ ಗೇಟಿಗೆ ಕಟ್ಟಿಕೊಂಡು ಕೂತರು. ಕೆಂಪು ಎಳೆ ಎತ್ತಿದರು, ಬಿಟ್ಟರು, ಮತ್ತೆ ಎತ್ತಿದರು. ಬೆರಳು ತನ್ನಷ್ಟಕ್ಕೆ ಹೋಗಿ ಎತ್ತುತ್ತಿದ್ದುದು ಅದೇ ಎಳೆಗಳನ್ನು. ಕೆಂಪು ನೂಲಿನಲ್ಲೂ ಮೂಡಿದ್ದು ಅದೇ ಚೌಕ, ಅದರೊಳಗೆ ಇನ್ನೊಂದು ಚೌಕ. ಒಂದು ಗೇಣು ನೇಯ್ದು, ನೋಡಿ, ಸೊಂಟದ ಗಂಟನ್ನು ಬಿಚ್ಚಿ ಎದ್ದು ಒಳಗೆ ಹೋದರು. ಅರ್ಧದ ನೇಯ್ಗೆ ಗೇಟಿನಲ್ಲಿ ನೇತಾಡುತ್ತಿತ್ತು. ನಾನೇ ಕತ್ತರಿಸಿ ತೆಗೆದೆ.

ಚಿನ್ ಆಂಟಿ ಹೋದದ್ದು ಮುಂದಿನ ವರ್ಷ, ಎದೆಯಲ್ಲಿ ನೀರು ತುಂಬಿ. ವಾಯ್ಡ್ ಡೆಕ್ಕಿನಲ್ಲಿ ಬಿಳಿ ಬಟ್ಟೆ ಕಟ್ಟಿ, ಮೇಜು ಕುರ್ಚಿ ಹಾಕಿ, ಪದ್ಧತಿಯಂತೆ ಮೂರು ದಿನ ಎಲ್ಲ ಮಾಡಿದರು. ರೇಮಂಡ್ ತೋಳಿಗೆ ಸೂತಕದ ಬಟ್ಟೆಯ ತುಂಡು ಚುಚ್ಚಿಕೊಂಡು ಬಂದವರಿಗೆಲ್ಲ ನೀರಿನ ಬಾಟಲಿ ಕೊಡುತ್ತಿದ್ದ. ಪಟ್ಟಿ ವಾಪಸು ಕೊಟ್ಟವರೂ ಬಂದಿದ್ದರು, ಅರಳುಮರಳು ಎಂದವರೂ ಬಂದಿದ್ದರು. ನಿಧಿ ಆಫೀಸಿನಿಂದ ನೇರ ಬಂದು ಮೂರು ಸಂಜೆಯೂ ಕೊನೆಯ ಸಾಲಿನಲ್ಲಿ ಕೂತಳು. ಅವರ ಮನೆಯಲ್ಲಿ ಈಗ ಬೇರೆ ಯಾರೋ ಇದ್ದಾರೆ. ಕಾರಿಡಾರು ಖಾಲಿ, ಯಾರು ಬೇಕಾದರೂ ಹೇಗೆ ಬೇಕಾದರೂ ನಡೆಯಬಹುದು. ನನಗದು ಹಿಂಸೆ.

ಕೊನೆಯ ಸಲ ಮಾತಾಡಿದ್ದು ಆಸ್ಪತ್ರೆಯಲ್ಲಿ. ಮೂಗಿಗೆ ನಳಿಗೆ ಹಾಕಿದ್ದರು. ಹೆಚ್ಚು ಮಾತಾಡಬೇಡಿ ಎಂದೆ, ಕೇಳುವ ಜಾತಿಯೇ ಅದು? ಒಂದೊಂದು ಮಾತಿಗೂ ಉಸಿರು ಎಳೆದುಕೊಂಡು, ಬಹಳ ದಿನದಿಂದ ಲೆಕ್ಕ ಹಾಕಿ ಇಟ್ಟುಕೊಂಡದ್ದನ್ನು ಕೇಳುವ ಹಾಗೆ ಕೇಳಿದರು.

“ಅಮ್ಮ ನೇಯೋವಾಗ ನಾನು ಅಲ್ಲೇ ಇದ್ದೆ ಅಲ್ವಾ ಗರ್ಲ್? ಪಕ್ಕದಲ್ಲೇ ಕೂತಿದ್ದೆ. ನಾನು ಬದುಕಿದ್ದೆ.”

“ಇದ್ರಿ ಆಂಟಿ. ಅಲ್ಲೇ ಇದ್ರಿ.”

“ಹಾಗಾದ್ರೆ ನಾನು ಯಾಕೆ ಅವಳಿಗೆ ಕಾಣಿಸ್ಲಿಲ್ಲ?”

ಕಾಣಿಸಿದಿರಿ, ಇಲ್ಲದಿದ್ದರೆ ನಿಮಗೆ ಯಾಕೆ ಕಲಿಸುತ್ತಿದ್ದರು ಎಂದು ಹೇಳಿದೆ. ಹೇಳುತ್ತಿರುವಾಗಲೇ ಗೊತ್ತಾಯಿತು, ಅವರು ನಂಬಲಿಲ್ಲ. ನನ್ನನ್ನು ಸಮಾಧಾನ ಮಾಡುವವರಂತೆ ಕೈ ಮೇಲೆ ಕೈ ಇಟ್ಟು, ಗೋಡೆಯ ಕಡೆ ತಿರುಗಿ ಕಣ್ಣು ಮುಚ್ಚಿದರು. ನರ್ಸ್ ಬಂದು ಟೈಮ್ ಆಯಿತು ಎಂದಳು. ಎಂಆರ್‌ಟಿ ರೈಲು ಸ್ಟೇಷನ್ನಿನ ತನಕ ನಡೆದುಕೊಂಡು ಬರುವಾಗ ನನಗೆ ಆ ತಾಯಿಯ ಮೇಲೆ ಸಿಟ್ಟು ಬಂತು. ಕಲ್ಲು ಹೊತ್ತವಳು, ಮಗು ಕಳೆದುಕೊಂಡವಳು, ಅಳಲಿಕ್ಕೂ ಅಪ್ಪಣೆ ಇಲ್ಲದವಳು. ಎಲ್ಲ ಗೊತ್ತು. ಆದರೂ ಸಿಟ್ಟು ಬಂತು, ಇನ್ನೂ ಇಳಿದಿಲ್ಲ.